ಫಕ್ಕೀರೇಶನ ಕರಿ ಪರದೆ, ಮೈಮುನಾಬಿಯ ಮೌಸು

ರಾಣೆಬೆನ್ನೂರಿನಿಂದ ಬೆಳಿಗ್ಗೆ ಬ್ಯಾಡಗಿಗೆ ಬರುವ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟೇ ಬೇಕೆಂದು ಹಟ ಹಿಡಿದು ಕೂರುವ, ಪಕ್ಕದಲ್ಲಿ ಯಾರು ಬಂದು ಕೂತರೂ ಮೂಗು ಮುರಿಯುವ ಮನುಷ್ಯನೇ ಫಕ್ಕೀರೇಶ. ಮೋಟೆಬೆನ್ನೂರು ರಸ್ತೆಯಲ್ಲಿರುವ ಒಂದು ಕೋಲ್ಡ್ ಸ್ಟೋರೇಜಿನ ಕಂಪ್ಯೂಟರ್ ವಿಭಾಗಕ್ಕೆ ಅವನು ಮುಖ್ಯಸ್ಥ. ಆ ವಿಭಾಗದಲ್ಲಿ ಇದ್ದವನು ಅವನೊಬ್ಬನೇ ಆದ್ದರಿಂದ ಮುಖ್ಯಸ್ಥನಾಗಲು ಹೆಚ್ಚು ಬೆವರು ಸುರಿಸಬೇಕಾಗಿರಲಿಲ್ಲ.

ಅವನ ಕಣ್ಣಿಗೆ ಊರೆಲ್ಲ ದಡ್ಡರೇ. ಬಸ್ಸಿನ ಕಂಡಕ್ಟರ್ ದಡ್ಡ, ಚಹಾದಂಗಡಿಯವನು ದಡ್ಡ, ಹಾವೇರಿಯ ದೊಡ್ಡ ಕಚೇರಿಗಳಲ್ಲಿ ಮೌಸು ಹಿಡಿದು ಕೂತ ಗುಮಾಸ್ತರಂತೂ ದಡ್ಡರ ಸಂತಾನ. "ಅವ್ರಿಗೆ ಚಿತ್ರಾ ಬೇಕು, ಬಣ್ಣಾ ಬೇಕು. ಬಾಲವಾಡಿ ಕೂಸುಗಳು," ಎನ್ನುತ್ತಿದ್ದ. ಮೆಣಸಿನಕಾಯಿ ಚೀಲಗಳು ಕೋಣೆಯ ಯಾವ ಸಾಲಿನಲ್ಲಿವೆ ಎಂದು ಹೇಳುವ ಪ್ರೋಗ್ರಾಮನ್ನು ಬಹಳ ವರ್ಷಗಳ ಹಿಂದೆ ಅವನೇ ಬರೆದಿದ್ದ. ಕಪ್ಪು ಪರದೆ, ಬಿಳಿ ಅಕ್ಷರ, ಎಲ್ಲ ಕೆಲಸವೂ ಕೀಲಿಮಣೆಯಿಂದಲೇ. ಅದನ್ನು ಅವನು ಟರ್ಮಿನಲ್ ಎಂದು ಕರೆಯುತ್ತಿದ್ದ, ಉಳಿದವರು ಕರಿ ಪರದೆ ಎನ್ನುತ್ತಿದ್ದರು. ಆ ಪ್ರೋಗ್ರಾಮಿನ ಒಳಗುಟ್ಟು ಬೇರೆ ಯಾರಿಗೂ ತಿಳಿಯದಂತೆ ಜೋಪಾನ ಮಾಡಿದ್ದನಾದ್ದರಿಂದ ಮಾಲೀಕ ಪರಮೇಶಪ್ಪ ಇವನ ಗತ್ತನ್ನು ಸಹಿಸಿಕೊಂಡಿದ್ದ.

ಇಷ್ಟು ದೊಡ್ಡ ಜಾಣ ಒಂದು ಕೆಲಸವನ್ನು ಮಾತ್ರ ಎಂದೂ ಮಾಡಿರಲಿಲ್ಲ. ಚೀಲಗಳಿರುವ ತಣ್ಣನೆ ಕೋಣೆಯೊಳಗೆ ಒಮ್ಮೆಯೂ ಕಾಲಿಟ್ಟಿರಲಿಲ್ಲ. ಅಲ್ಲಿ ಚಳಿ, ಘಾಟು, ಅದಕ್ಕಿಂತ ಹೆಚ್ಚಾಗಿ ಹಮಾಲರು. ವರ್ಷಕ್ಕೊಮ್ಮೆ ಸೀಜನ್ನಿನ ಮೊದಲ ಚೀಲಕ್ಕೆ ಕೋಣೆಯೊಳಗೆ ಪೂಜೆಯಾಗುತ್ತಿತ್ತು. ಪರಮೇಶಪ್ಪನಿಂದ ಹಿಡಿದು ಕಸ ಗುಡಿಸುವವರವರೆಗೆ ಎಲ್ಲರೂ ಹೋಗಿ ಕೈಮುಗಿದು ಬರುತ್ತಿದ್ದರು. ಫಕ್ಕೀರೇಶನಿಗೆ ಪೇಢೆ ಮೇಜಿನ ಮೇಲೇ ಬಂದು ಬೀಳುತ್ತಿತ್ತು. ಅದನ್ನು ತಿನ್ನುತ್ತಲೇ ಅವನು ಪೂಜೆಯನ್ನು ಆಡಿಕೊಳ್ಳುತ್ತಿದ್ದ.

ಗೇಟಿನ ಪಕ್ಕದ ಕೌಂಟರಿನಲ್ಲಿ ಆ ಕರಿ ಪರದೆಯ ಮುಂದೆ ಕೂರುತ್ತಿದ್ದವಳು ಮೈಮುನಾಬಿ. ತಾಯಿ ರಸೂಲಬಿಯೊಂದಿಗೆ ಬ್ಯಾಡಗಿಯಲ್ಲೇ ಇದ್ದಳು. ಮನೆ ನಡೆಯುತ್ತಿದ್ದುದು ಈ ಕೆಲಸದಿಂದಲೇ. ಹಮಾಲರು ಚೀಲಗಳನ್ನು ಒಟ್ಟಿ ಬಂದು ಕೌಂಟರಿನ ಕಿಟಕಿಯಲ್ಲಿ "ಮೂರನೇ ಸಾಲು" ಎಂದರೆ ಈಕೆ ಮೂರು ಎಂದು ಒತ್ತುತ್ತಿದ್ದಳು. ರೈತ ಬಂದು ಚೀಲ ಕೇಳಿದಾಗ ಕರಿ ಪರದೆ ಚೀಟಿ ಕೊಡುತ್ತಿತ್ತು, ಹಮಾಲರು ಚೀಟಿಯಲ್ಲಿದ್ದ ಸಾಲಿಗೆ ಹೋಗಿ ಚೀಲ ಇಳಿಸುತ್ತಿದ್ದರು. ಇಷ್ಟೇ ವ್ಯವಹಾರ. ಆಕೆಯ ಬೆರಳು ಓಡುವ ವೇಗಕ್ಕೆ ಟ್ರ್ಯಾಕ್ಟರುಗಳು ನಿಲ್ಲುತ್ತಲೇ ಇರಲಿಲ್ಲ. ಫಕ್ಕೀರೇಶನಿಗೆ ಅದು ಆಕೆಯ ಜಾಣತನವಲ್ಲ, ತನ್ನ ಪ್ರೋಗ್ರಾಮಿನ ದೊಡ್ಡಸ್ತಿಕೆ.

ಹೋದ ಚಳಿಗಾಲದಲ್ಲಿ ಚೀಲ ಹೇರಿದ ಟ್ರ್ಯಾಕ್ಟರೊಂದು ಆಕೆಯ ಸ್ಕೂಟಿಗೆ ತಾಗಿತು. ಬಲಗೈ ಮುರಿಯಿತು. ಕಟ್ಟು ಬಿಚ್ಚಿದ ಮೇಲೂ ಬೆರಳುಗಳು ಮಡಚಲಿಲ್ಲ. ಕೆಲಸಕ್ಕೆ ಮರಳಿ ಎಡಗೈಯಲ್ಲಿ ಕೀಲಿ ಹುಡುಕುತ್ತ ಕೂತಳು. ಗೇಟಿನ ಹೊರಗೆ ಟ್ರ್ಯಾಕ್ಟರುಗಳು ಸಾಲುಗಟ್ಟಿದವು. ಪರಮೇಶಪ್ಪ ಕೆಟ್ಟವನಲ್ಲ, ಆದರೆ ವ್ಯಾಪಾರಸ್ಥ. "ಸೀಜನ್ ಜೋರಾಗೂದ್ರಾಗ ಏನರ ದಾರಿ ಆಗಬೇಕವ್ವಾ, ಇಲ್ಲಾಂದ್ರ ಬ್ಯಾರೇದವ್ರನ್ನ ನೋಡಬೇಕಾಗತೈತಿ," ಎಂದುಬಿಟ್ಟ.

ಮೈಮುನಾಬಿ ನೇರವಾಗಿ ಫಕ್ಕೀರೇಶನ ಮೇಜಿನ ಮುಂದೆ ಬಂದು ನಿಂತಳು.

"ಅಣ್ಣಾರ, ಎಡಗೈಲೆ ಕೀಲಿ ಹುಡುಕ್ಕೊಂತ ಕುಂತ್ರ ತಡಾ ಆಗಾಕತ್ತೇತಿ. ಮೌಸ್ ಆದ್ರ ನೂಕಿ ಒಮ್ಮೆ ಒತ್ತಿದ್ರ ಮುಗೀತು. ನಿಮ್ಮ ಕರಿ ಪರದ್ಯಾಗ ಮೌಸ್ ನಡಿಯೂ ಹಂಗ ಮಾಡಿಕೊಡ್ರಿ. ನನ್ನ ಕೆಲಸ ಅದರ ಮ್ಯಾಲಽ ಐತಿ."

ಫಕ್ಕೀರೇಶ ಕನ್ನಡಕ ತೆಗೆದು ಒರೆಸಿದ. "ಇದು ಟರ್ಮಿನಲ್ ಐತವ್ವಾ. ಇಲ್ಲಿ ಅಕ್ಷರ ಅಷ್ಟಽ ನಡೀತಾವ. ಮೌಸ್ ಹಿಡಿಯಾವ್ರಿಗೆ ಬ್ಯಾರೆ ಜಾಗಾ ಅದಾವ, ಫೋಟೋ ಸ್ಟುಡಿಯೋ ನೋಡು."

"ನಡಿಯಾಂಗಿಲ್ಲೋ, ನಿಮಗ ಮಾಡಾಕ ಬರಾಂಗಿಲ್ಲೋ?" ಎಂದಳು ಮೈಮುನಾಬಿ. ಆಕೆಯದು ಮೊದಲಿನಿಂದಲೂ ಮೆತ್ತನೆಯ ಬಾಯಲ್ಲ.

ಈ ಮಾತು ನಾಟಿತು. ಕನಿಕರದಿಂದ ಎಂದೂ ಏಳದ ಮನುಷ್ಯ ರೋಷದಿಂದ ಎದ್ದು ಕೂತ. ಮಾಡಿ ತೋರಿಸುತ್ತೇನೆ ಎಂದು ಹಲ್ಲು ಕಡಿದ.

ಮಾಡುವುದು ಅಸಾಧ್ಯವೇನೂ ಆಗಿರಲಿಲ್ಲ. ಕರಿ ಪರದೆಗೆ ಮೌಸು ಎಂದರೇನೆಂದು ತಿಳಿಯದು, ಅದು ಬಲ್ಲದ್ದು ಅಕ್ಷರ ಮಾತ್ರ. ಆದರೆ ಪ್ರೋಗ್ರಾಮು ಒಂದು ಚಿಕ್ಕ ಸಂಕೇತ ಕಳಿಸಿ, ಮೌಸಿನ ಸುದ್ದಿಯನ್ನೂ ನನಗೆ ಹೇಳು ಎಂದು ಟರ್ಮಿನಲ್ಲನ್ನು ಕೇಳಿಕೊಳ್ಳಬಹುದು. ಅಲ್ಲಿಂದ ಮುಂದೆ ಯಾರಾದರೂ ಮೌಸು ಅಲುಗಿಸಿದರೂ ಒತ್ತಿದರೂ, ಯಾರೋ ಗಡಿಬಿಡಿಯಲ್ಲಿ ಕೀಲಿಮಣೆ ಬಡಿದ ಹಾಗೆ ಒಂದು ಅಕ್ಷರಗಳ ಸರ ಬಂದು ಬೀಳುತ್ತದೆ. ಯಾವ ಗುಂಡಿ, ಅಡ್ಡಕ್ಕೆ ಎಷ್ಟನೇ ಮನೆ, ಕೆಳಕ್ಕೆ ಎಷ್ಟನೇ ಗೆರೆ, ಎಲ್ಲವೂ ಅದರಲ್ಲಿರುತ್ತದೆ. ಒತ್ತಿದ್ದಕ್ಕೆ ಒಂದು ಸರ, ಬಿಟ್ಟಿದ್ದಕ್ಕೆ ಇನ್ನೊಂದು. ಎರಡನ್ನೂ ಎಣಿಸಿದರೆ ಒಂದು ಚೀಲ ಎರಡಾಗುತ್ತದೆ. ಟರ್ಮಿನಲ್ಲಿನ ಎಣಿಕೆ ಒಂದರಿಂದ ಶುರು, ಪ್ರೋಗ್ರಾಮಿನ ಎಣಿಕೆ ಸೊನ್ನೆಯಿಂದ. ಆದ್ದರಿಂದ ಒಂದನ್ನು ಕಳೆಯಬೇಕು. ಇದನ್ನೆಲ್ಲ ಫಕ್ಕೀರೇಶ ಮರೆಯಲಿಲ್ಲ. ಒಂದನ್ನು ಕಳೆಯುವಾಗಲಂತೂ ಹಾವೇರಿಯ ಯಾವ ಗಂಡಸಿಗೂ ಇದು ಹೊಳೆಯುತ್ತಿರಲಿಲ್ಲ ಎಂದುಕೊಂಡು ಮೀಸೆಯಡಿ ನಕ್ಕ.

ಮರೆತದ್ದು ಬೇರೆ. ಪ್ರೋಗ್ರಾಮು ಮುಚ್ಚುವಾಗ, ಇನ್ನು ಸುದ್ದಿ ಸಾಕು ಎಂದು ಟರ್ಮಿನಲ್ಲಿಗೆ ಹೇಳಿ ಹೋಗಬೇಕು. ಹೇಳಿರಲಿಲ್ಲ. ಮೊದಲ ದಿನ ಮೈಮುನಾಬಿ ಊಟಕ್ಕೆಂದು ಪ್ರೋಗ್ರಾಮು ಮುಚ್ಚಿದಳು. ಪರಮೇಶಪ್ಪ ಬಂದು ಕೌಂಟರಿನ ಮೇಲೆ ಕೈಯಿಟ್ಟ, ಮೌಸು ಅಲುಗಾಡಿತು. ಪರದೆಯ ತುಂಬ ಅಂಕಿ, ಕಂಸ, ಅರ್ಧವಿರಾಮಗಳು ಹುಳುಗಳಂತೆ ಬುಳುಬುಳು ಹರಿದವು. ಪರಮೇಶಪ್ಪ ಹೌಹಾರಿ ಕೈ ಹಿಂದೆಳೆದುಕೊಂಡ.

"ಏನೋ ಇದು ಫಕ್ಕೀರೇಶ, ಮೈಮ್ಯಾಲ ಬಂದಂಗ ಆಡಾಕತ್ತೇತಿ?"

"ನೀವು ಮುಟ್ಟಿದ್ರಿ ಅದಕ್ಕ," ಎಂದ ಫಕ್ಕೀರೇಶ. ಅದೇ ಸಂಜೆ ಯಾರಿಗೂ ಹೇಳದೆ ಸರಿಪಡಿಸಿದ. ತಪ್ಪು ತನ್ನದು ಎನ್ನುವ ಮಾತು ಅವನ ಗಂಟಲಿನವರೆಗೂ ಬರುತ್ತಿರಲಿಲ್ಲ.

ಸಾಲು ಆರಿಸಲು ಪರದೆಯ ಮೇಲೆ ಕೋಣೆಯ ಚಿತ್ರ ಬೇಕಿತ್ತು. ಬೇರೆಯವನಾಗಿದ್ದರೆ ಹತ್ತು ಹೆಜ್ಜೆ ನಡೆದು ಕೋಣೆ ನೋಡಿ ಬರುತ್ತಿದ್ದ. ಇವನು ಬೀರುವಿನಿಂದ ಕಟ್ಟಡದ ಹಳೆಯ ನಕ್ಷೆ ತೆಗೆಸಿದ. ನಕ್ಷೆಯಲ್ಲಿ ಹನ್ನೆರಡು ಸಾಲು ಇದ್ದವು. ಪರದೆಯ ಮೇಲೂ ಎಡಕ್ಕೆ ಬಾಗಿಲು ಬರೆದು, ಅದರ ಪಕ್ಕದಿಂದ ಹನ್ನೆರಡು ಉದ್ದ ಪಟ್ಟಿ ಎಳೆದ. ಇಷ್ಟು ವರ್ಷಗಳಲ್ಲಿ ಹನ್ನೆರಡನೇ ಸಾಲು ಎಂದು ಯಾರೂ ಒತ್ತಿದ್ದೇ ಇಲ್ಲ ಎಂಬುದು ಅವನಿಗೆ ಗೊತ್ತಿತ್ತು. ಕಾರಣವೂ ಗೊತ್ತಿತ್ತು, ಅಂದರೆ ತಾನೇ ಒಂದು ಕಾರಣ ಕಟ್ಟಿಕೊಂಡಿದ್ದ. ಹಮಾಲರು ಮೈಗಳ್ಳರು, ಕೊನೆಯ ಸಾಲಿನವರೆಗೆ ನಡೆಯಲು ಅವರಿಗೆ ಸೋಮಾರಿತನ.

"ಪಟ್ಟಿ ಮ್ಯಾಲ ನಂಬರ್ ಹಾಕ್ರಿ ಅಣ್ಣಾರ," ಎಂದಳು ಮೈಮುನಾಬಿ. "ಒತ್ತಿದ ಮ್ಯಾಲ ಯಾವ ಸಾಲು ಬಿತ್ತು ಅಂತ ನನಗೂ ಕಾಣಬೇಕಲ್ರಿ."

"ಬಣ್ಣಾ ತಿರುಗತೈತಿ, ಕಾಣಸತೈತಿ. ಕಣ್ಣು ಅದಾವಲ್ಲ? ಮೌಸ್ ಬೇಕು, ಚಿತ್ರ ಬೇಕು, ಇನ್ನ ಅಂಕಿನೂ ಬೇಕು. ಬೆರಳು ಇದ್ದವ್ರಿಗೆ ಅಂಕಿ, ಇಲ್ಲದವ್ರಿಗೆ ಚಿತ್ರ."

ಇಂಥ ಮಾತನ್ನು ಮುರಿದ ಕೈಯವಳ ಮುಖಕ್ಕೆ ಹೊಡೆದಂತೆ ಹೇಳಿ ನಗುವುದಕ್ಕೆ ಮನುಷ್ಯ ಎಷ್ಟು ಸಣ್ಣವನಾಗಿರಬೇಕು! ಮೈಮುನಾಬಿಗೆ ಕೆಲಸ ಬೇಕಿತ್ತು. ನುಂಗಿಕೊಂಡಳು.

ಸೀಜನ್ ಬಂತು. ಆಕೆ ಎಡಗೈಯಲ್ಲಿ ಮೌಸು ನೂಕಿ, ಚಕ್ರ ತಿರುಗಿಸಿ ರೈತನ ಹೆಸರು ಹುಡುಕಿ, ಪಟ್ಟಿಯ ಮೇಲೆ ಒಮ್ಮೆ ಒತ್ತಿದರೆ ಕೆಲಸ ಮುಗಿಯುತ್ತಿತ್ತು. ತೂಕ ಕಾಟಾದಿಂದ ತಾನೇ ಬಂದು ಕೂರುತ್ತಿತ್ತು. ಟ್ರ್ಯಾಕ್ಟರುಗಳು ಮೊದಲಿನಂತೆ ಸರಸರ ಒಳಗೆ ಹೋದವು. ಪರಮೇಶಪ್ಪ ಬೇರೆಯವರನ್ನು ಹುಡುಕುವ ಮಾತನ್ನು ಬಿಟ್ಟ. ಕೋಣೆ ಸೂರಿನವರೆಗೆ ತುಂಬಿತು.

ಮಳೆಗಾಲದಲ್ಲಿ ಐರಣಿಯ ಹಾಲಸಿದ್ದಪ್ಪ ತನ್ನ ಚೀಲಗಳನ್ನು ಒಯ್ಯಲು ಬಂದ. ಆ ವರ್ಷದ ಸರಕಿನಲ್ಲಿ ಮೊದಲು ಹೊರಗೆ ಹೋಗಬೇಕಾದದ್ದು ಅವನದೇ. ಕರಿ ಪರದೆ ನಾಲ್ಕನೇ ಸಾಲು ಎಂದು ಚೀಟಿ ಕೊಟ್ಟಿತು. ಹಮಾಲರ ಮುಖ್ಯಸ್ಥ ಮಾಂತೇಶ ನಾಲ್ಕನೇ ಸಾಲನ್ನು ಮೇಲಿಂದ ಕೆಳಗಿನವರೆಗೆ ಇಳಿಸಿ ನೋಡಿದ. ಹಾಲಸಿದ್ದಪ್ಪನ ಗುರುತಿನ ಚೀಲ ಒಂದೂ ಇರಲಿಲ್ಲ. ಸಾವಿರಾರು ಚೀಲಗಳ ನಡುವೆ ಉಳಿದ ಸಾಲುಗಳನ್ನೆಲ್ಲ ಬಿಚ್ಚುವವರು ಯಾರು? ಅದರ ಬೆನ್ನಿಗೇ ಬಂದ ಇನ್ನಿಬ್ಬರ ಚೀಲಗಳೂ ಚೀಟಿ ಹೇಳಿದ ಸಾಲಿನಲ್ಲಿ ಸಿಗಲಿಲ್ಲ.

ಹಾಲಸಿದ್ದಪ್ಪ ಅಂಗಳದಲ್ಲಿ ನಿಂತು ಕೂಗಾಡಿದ. "ಗೇಟಿನ್ಯಾಗ ಕುಂದ್ರಾಕಿ ಯಾರು? ಆಕಿ ಕಣ್ಣು ತಪ್ಪಿಸಿ ನನ್ನ ಚೀಲ ಹಾರಿಹೋದ್ವೇನು? ಕಳ್ಳಿ!"

ಇಪ್ಪತ್ತು ಜನರ ಮುಂದೆ ಬಿದ್ದ ಮಾತು ಅದು. ಮೈಮುನಾಬಿ ಕಿಟಕಿಯಿಂದ ಹೊರಗೆ ಬಂದು, "ಹಮಾಲ್ರು ಹೇಳಿದ ಸಾಲು ಒತ್ತೇನಿ. ಒಂದು ಚೀಲಾನೂ ಹೊರಗ ಬಿಟ್ಟಿಲ್ಲ," ಎಂದಳು. ತಪ್ಪಿದ ಚೀಲಗಳೆಲ್ಲ ಆಕೆ ಮೌಸು ಹಿಡಿದ ಮೇಲೆ ಬಂದವು ಎಂದು ಪರಮೇಶಪ್ಪ ಲೆಕ್ಕ ಹಾಕಿದ. ಫಕ್ಕೀರೇಶನನ್ನು ಕರೆಸಿ ಕೇಳಿದ.

"ಪ್ರೋಗ್ರಾಮು ಸುಳ್ಳು ಹೇಳಂಗಿಲ್ರಿ," ಎಂದ ಫಕ್ಕೀರೇಶ. "ಹೇಳಿದ್ನಲ್ಲ ಮೊದ್ಲಽ, ಮೌಸ್ ಹಿಡಿದವ್ರ ಕೈ ನಂಬೂದಲ್ಲ."

ಆ ಮಧ್ಯಾಹ್ನವೇ ಮೈಮುನಾಬಿಗೆ ನಾಳೆಯಿಂದ ಬರಬೇಡ ಎಂದು ಹೇಳಲಾಯಿತು. ಆಕೆ ಚಪ್ಪಲಿ ಮೆಟ್ಟಿ ಹೊರಟಳು. ಫಕ್ಕೀರೇಶನಿಗೆ ಒಳಗೊಳಗೆ ಹಬ್ಬ. ಮೌಸಿನ ಮೇಲಿನ ತನ್ನ ತಿರಸ್ಕಾರ ನಿಜವಾಯಿತಲ್ಲ, ಅದೇ ಅವನಿಗೆ ಸಾಕಿತ್ತು. ಒಂದು ಮನೆಯ ಒಲೆ ಆರಿದ್ದು ಅವನ ಲೆಕ್ಕಕ್ಕೆ ಬರಲಿಲ್ಲ.

ಎರಡು ದಿನ ಕಳೆಯುವುದರೊಳಗೆ ಮಾಂತೇಶ ಒಂದು ಚೀಟಿ ಹಿಡಿದು ಅವನ ಮೇಜಿಗೆ ಬಂದ. "ಸಾಹೇಬ್ರ, ಇದ್ರಾಗ ಹನ್ನೆರಡನೇ ಸಾಲು ಅಂತ ಬಂದೈತಿ. ಹನ್ನೆರಡು ಎಲ್ಲೈತ್ರಿ?"

ಫಕ್ಕೀರೇಶ ಕೆರಳಿದ. "ಇಷ್ಟು ವರ್ಷ ಕೆಲಸ ಮಾಡಿ ಹನ್ನೆರಡನೇ ಸಾಲು ಎಲ್ಲಿ ಅಂತ ಕೇಳ್ತಿ? ನಡಿ, ನಾನಽ ತೋರಸ್ತೇನಿ." ನಕ್ಷೆಯನ್ನು ಬಗಲಿಗೆ ಇಟ್ಟುಕೊಂಡು, ಯಾರದೋ ಸ್ವೆಟರ್ ಹಾಕಿಕೊಂಡು, ಮೂಗಿಗೆ ಕರವಸ್ತ್ರ ಒತ್ತಿಕೊಂಡು ಕೋಣೆಯೊಳಗೆ ನಡೆದ. ಹಮಾಲರು ಚೀಲ ಇಳಿಸುವುದನ್ನು ನಿಲ್ಲಿಸಿ ಈ ಮೆರವಣಿಗೆಯನ್ನು ನೋಡಿದರು.

ಬಾಗಿಲಿನಿಂದ ಎಣಿಸುತ್ತ ಹೋದ. ಕೊನೆಯ ಸಾಲು ಮುಟ್ಟಿ "ಹನ್ನೆರಡು!" ಎಂದ. ಮಾಂತೇಶ ಅದೇ ಸಾಲಿಗೆ ಕೈಯಿಟ್ಟು "ಇದು ಹನ್ನೊಂದ್ರಿ," ಎಂದ.

"ಎಣಕಿ ಬರಂಗಿಲ್ಲೇನು ನಿನಗ? ಬಾಗಲದಾಗಿಂದು ಬಿಟ್ಟಿ."

"ಅದು ಎಣಕ್ಯಾಗ ಬರಂಗಿಲ್ರಿ. ಲಕ್ಷ್ಮೀ ಸಾಲು."

ಫಕ್ಕೀರೇಶ ಹಿಂದಿರುಗಿ ಬಂದು ನೋಡಿದ. ಬಾಗಿಲಿನ ಪಕ್ಕದ ಗಿಡ್ಡ ಸಾಲು ಖಾಲಿ ಇತ್ತು. ಬಾಗಿಲು ತೆರೆದರೆ ಒಟ್ಟಿಲು ತಾಗುವಂಥ ಜಾಗ ಅದು. ಅಲ್ಲಿ ಸೀಜನ್ನಿನ ಮೊದಲ ಚೀಲವೊಂದು ಮಾತ್ರ ಕೂತಿತ್ತು. ಅದಕ್ಕೆ ಅರಿಷಿಣ ಕುಂಕುಮ, ಮುಂದೆ ಒಣಗಿದ ನಿಂಬೆಹಣ್ಣು, ಸುಟ್ಟ ಊದಿನಕಡ್ಡಿಯ ಬುಡ. ಇವನು ಮೇಜಿನ ಮೇಲೆ ತಿಂದ ಪೇಢೆಯೆಲ್ಲ ಆ ಚೀಲದ ಮುಂದಿನಿಂದ ಬಂದದ್ದೇ. ಲಕ್ಷ್ಮಿಗೆ ನಂಬರ್ ಹಾಕಬಾರದೆಂದು ಹಮಾಲರು ಅದನ್ನು ಬಿಟ್ಟು ಮುಂದಿನದರಿಂದ ಒಂದು, ಎರಡು ಎನ್ನುತ್ತಿದ್ದರು. ಅಲ್ಲಿ ಕೆಲಸ ಮಾಡುವ ಎಲ್ಲರಿಗೂ ಅದು ಉಸಿರಾಡಿದಷ್ಟು ಸಹಜ.

"ಇದು... ಯಾವಾಗಿಂದ ಹಿಂಗ?" ಎಂದು ಕೇಳಿದ.

"ಕಟ್ಟಿದಾಗಿಂದ್ರಿ. ನಿಮಗ ಗೊತ್ತಿಲ್ಲೇನ್ರಿ?" ಎಂದ ಮಾಂತೇಶ. ಹಿಂದಿದ್ದವರಲ್ಲಿ ಯಾರೋ ಕಿಸಕ್ಕೆಂದರು.

ಫಕ್ಕೀರೇಶ ಬಗಲಿನ ನಕ್ಷೆ ಬಿಡಿಸಿ ಮತ್ತೆ ಎಣಿಸಿದ. ಅಂಕಿ ಒತ್ತುವ ಕಾಲದಲ್ಲಿ ಹಮಾಲ ಮೂರು ಎಂದರೆ ಮೂರೇ ಬೀಳುತ್ತಿತ್ತು. ಚಿತ್ರ ಬಂದ ಮೇಲೆ ಮೈಮುನಾಬಿ ಎಲ್ಲರೂ ಮಾಡುವಂತೆಯೇ ಬಾಗಿಲಿನ ಪಕ್ಕದ ಲಕ್ಷ್ಮೀ ಪಟ್ಟಿಯನ್ನು ಬಿಟ್ಟು, ಆಚೆಯಿಂದ ಮೂರನೆಯದನ್ನು ಒತ್ತಿದ್ದಳು. ಇವನ ಪ್ರೋಗ್ರಾಮು ಅದನ್ನು ನಾಲ್ಕು ಎಂದು ಬರೆದುಕೊಂಡಿತ್ತು. ಒಂದೂ ತಪ್ಪದೆ, ಪ್ರತಿ ಚೀಲಕ್ಕೂ. ಪಟ್ಟಿಯ ಮೇಲೆ ನಂಬರ್ ಇದ್ದಿದ್ದರೆ ಆಕೆ ಮೊದಲ ದಿನವೇ ಹಿಡಿಯುತ್ತಿದ್ದಳು.

ಮೇಜಿಗೆ ಮರಳಿ ಇನ್ನೊಂದು ಒಂದನ್ನು ಕಳೆದ. ಚಿತ್ರ ಬಂದಾಗಿನಿಂದ ಬಿದ್ದ ದಾಖಲೆಗಳೂ ಸರಿಹೋದವು. ಹಾಲಸಿದ್ದಪ್ಪನ ಚೀಲಗಳು ಮೂರನೇ ಸಾಲಿನಲ್ಲಿ ಹಾಯಾಗಿ ಕೂತಿದ್ದವು. ಪರಮೇಶಪ್ಪ ಬೆನ್ನು ತಟ್ಟಿ, "ನೀ ಇದ್ದಿ ಅಂತ ಮರ್ಯಾದಿ ಉಳೀತು," ಎಂದ. ಫಕ್ಕೀರೇಶ ತಲೆಯಾಡಿಸಿ ಆ ಹೊಗಳಿಕೆಯನ್ನೂ ನುಂಗಿದ. ನಾಚಿಕೆ ಎಂಬುದು ಅವನ ಕಡೆ ಸುಳಿಯಲಿಲ್ಲ.

"ಚೀಲ ಸಿಕ್ಕಾವಂದ್ರ ಆಕಿ ಕಳ್ಳಿ ಅಲ್ಲಂತಾಯ್ತು. ಕೈ ತಪ್ಪಿರಬೇಕು, ಪಾಪ. ಹೋಗಿ ಕರಕೊಂಡು ಬಾ," ಎಂದ ಪರಮೇಶಪ್ಪ.

ಮೈಮುನಾಬಿ ಮನೆಯ ಕಟ್ಟೆಯಲ್ಲಿ ತಾಯಿಯ ಪಕ್ಕ ಕೂತು ಎಡಗೈಯಲ್ಲಿ ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದಳು. ರಸೂಲಬಿ ಬಂದವನಿಗೆ ಚಾಪೆ ಹಾಸಿದಳು. ಅವನು ನಿಂತೇ ಇದ್ದ.

"ಚೀಲ ಸಿಕ್ಕಾವ. ಮಾಲಕ್ರು ದೊಡ್ಡ ಮನಸ್ಸು ಮಾಡ್ಯಾರ. ಬರ್ಬೇಕಂತ."

"ಎಲ್ಲಿ ಸಿಕ್ಕ್ವು?"

"ಒಂದು ಸಾಲು ಹಿಂದ."

"ಎಲ್ಲಾವೂ ಒಂದಽ ಸಾಲು ಹಿಂದ?"

ಅವನು ಕನ್ನಡಕ ತೆಗೆದು ಒರೆಸಿದ. ಆಕೆ ತೊಟ್ಟು ಮುರಿಯುವುದನ್ನು ನಿಲ್ಲಿಸಿದಳು.

"ಕೈ ತಪ್ಪಿದ್ರ ಒಂದು ಅಲ್ಲಿ ಬೀಳತೈತಿ, ಒಂದು ಇಲ್ಲಿ ಬೀಳತೈತಿ. ಇಷ್ಟು ಶಿಸ್ತಿಲೆ ತಪ್ಪಾಕ ನನ್ನ ಕೈಗೆ ಬರಾಂಗಿಲ್ಲ ಅಣ್ಣಾರ. ಲಕ್ಷ್ಮೀ ಸಾಲು ಹಿಡಿದು ಎಣಿಸೀರಿ ನೀವು. ನಂಬರ್ ಹಾಕ್ರಿ ಅಂತ ಕೇಳಿದ್ನಿಲ್ಲ?"

"ಆಗಿದ್ದು ಆತು. ನಾಳಿಂದ ಬಾ."

"ಬರ್ತೀನಿ. ನನ್ನ ಕಳ್ಳಿ ಅಂದಿದ್ದು ಅಂಗಳದಾಗ. ತಪ್ಪು ನಂದು ಅಂತ ನೀವು ಅದಽ ಅಂಗಳದಾಗ, ಅವರೆಲ್ಲಾರ ಮುಂದ ಒಂದು ಮಾತು ಹೇಳ್ರಿ. ಆವತ್ತಽ ಬಂದು ಕುಂದರ್ತೀನಿ. ಅಲ್ಲೀತನಕಾ ತೊಟ್ಟು ಮುರಿದಽ ಉಣ್ತೇವಿ."

ಹಮಾಲರ ಮುಂದೆ ಒಂದು ಮಾತು! ಫಕ್ಕೀರೇಶ ಕಾಲೆಳೆದುಕೊಂಡು ಮರಳಿದ. ದಾರಿಯುದ್ದಕ್ಕೂ ಅವನಿಗೆ ಆಕೆಯ ಕಷ್ಟ ನೆನಪಾಗಲಿಲ್ಲ, ಆಕೆಯ ಧಿಮಾಕು ಮಾತ್ರ ನೆನಪಾಯಿತು. ಪರಮೇಶಪ್ಪ ಏನಾಯಿತೆಂದು ಕೇಳಿದಾಗ, "ಒಲ್ಲೆ ಅಂದ್ಳು. ಸೊಕ್ಕು ರೀ ಆಕಿಗೆ," ಎಂದ.

"ಹಂಗಾರ ಯಾರರ ಸಿಗೂತನಕಾ ಗೇಟಿನ್ಯಾಗ ನೀನಽ ಕುಂದ್ರು."

ಕಂಪ್ಯೂಟರ್ ವಿಭಾಗದ ಮುಖ್ಯಸ್ಥರು ಗೇಟಿನ ಕೌಂಟರಿಗೆ ಬಂದು ಕೂತರು. ಆಗ ಖಾಲಿಯಾದ ಜಾಗಕ್ಕೆ ಹುಣಸೆಹಣ್ಣಿನ ಚೀಲಗಳು ಬರುತ್ತಿದ್ದವು. ಮೊದಲ ಲೋಡು ಒಟ್ಟಿ ಬಂದ ಮಾಂತೇಶ ಕಿಟಕಿಯಲ್ಲಿ ಬಗ್ಗಿ, ಅಂಗಳಕ್ಕೆಲ್ಲ ಕೇಳುವಂತೆ ಕೂಗಿದ: "ಸಾಹೇಬ್ರ, ಲಕ್ಷ್ಮೀ ಬಿಟ್ಟು ಐದು!" ಅವನ ಹಿಂದೆ ಬಂದವನೂ "ಲಕ್ಷ್ಮೀ ಬಿಟ್ಟು ಆರು!" ಎಂದ. ಮೈಮುನಾಬಿಗೆ ಎಂದೂ ಹೀಗೆ ಬಿಡಿಸಿ ಹೇಳಿದವರಿಲ್ಲ. ದಿನವಿಡೀ ಇದೇ ಆಯಿತು. ಬಹಳ ವಿನಯದಿಂದ, ಕೈಮುಗಿದು ಹೇಳುತ್ತಿದ್ದರು. ಟ್ರ್ಯಾಕ್ಟರಿನ ಮೇಲಿನ ರೈತರೂ ನಗಲು ಕಲಿತರು. "ಗೊತ್ತೈತಿ!" ಎಂದು ಇವನು ಅರಚಿದಷ್ಟೂ ಅವರ ವಿನಯ ಹೆಚ್ಚಿತು.

ಆ ವಾರದ ಕೊನೆಗೆ ಹಾಲಸಿದ್ದಪ್ಪ ಉಳಿದ ಚೀಲಗಳಿಗಾಗಿ ಬಂದ. ಕಿಟಕಿಯಲ್ಲಿ ಫಕ್ಕೀರೇಶನನ್ನು ಕಂಡು ಅತ್ತಿತ್ತ ನೋಡಿದ. ಪರಮೇಶಪ್ಪ ಅಲ್ಲೇ ಬಾಗಿಲಲ್ಲಿ ನಿಂತಿದ್ದ.

"ಆ ಹೆಣ್ಣುಮಗಳು ಎಲ್ಲಿ? ಮಂದ್ಯಾಗ ಆಕಿಗೆ ಕಳ್ಳಿ ಅಂದೇನಿ. ಅವತ್ತಿಂದ ಉಂಡ ಅನ್ನ ಮೈಗೆ ಹತ್ತಿಲ್ಲ. ತಪ್ಪಿದ್ದು ಆಕಿ ಕೈ ಅಲ್ಲಂತಲ್ರಿ? ಲಕ್ಷ್ಮೀ ಸಾಲು ಅಂದ್ರ ಏನಂತ ಈ ಸಾಹೇಬ್ರಿಗೆ ಗೊತ್ತಽ ಇರಲಿಲ್ಲಂತ, ಹಮಾಲ್ರು ಹೇಳಿದ್ರು."

ಪರಮೇಶಪ್ಪ ಮೆಲ್ಲಗೆ ಫಕ್ಕೀರೇಶನ ಕಡೆ ತಿರುಗಿದ. "ಖರೇನ?"

"ನಕ್ಷಾದಾಗ ಅದೂ ಒಂದು ಸಾಲು ಅಂತಽ ಐತ್ರಿ," ಎಂದ ಫಕ್ಕೀರೇಶ, ಪರದೆಯಿಂದ ಕಣ್ಣೆತ್ತದೆ.

ಪರಮೇಶಪ್ಪ ಬೈಯಲಿಲ್ಲ. ಬೈದಿದ್ದರೆ ಉತ್ತರ ಕೊಡಬಹುದಿತ್ತು. ಅವನು ಹೆಗಲ ಮೇಲಿನ ಟವೆಲ್ಲನ್ನು ಸರಿಮಾಡಿಕೊಂಡು ಚಪ್ಪಲಿ ಮೆಟ್ಟಿದ. "ತಡಿಯಪ್ಪಾ, ನಾನೂ ಬರ್ತೀನಿ. ನಾನೂ ಕೇಳೂದೈತಿ ಆಕಿಗೆ," ಎಂದು ಹಾಲಸಿದ್ದಪ್ಪನಿಗೆ ಹೇಳಿ, ಕಿಟಕಿಯ ಕಡೆ ನೋಡಿದ. "ಮನಿ ನೋಡಿ ಬಂದಾಂವ ನೀನು. ದಾರಿ ಹೇಳು."

ಫಕ್ಕೀರೇಶ ದಾರಿ ಹೇಳಿದ. ಎಲ್ಲಿ ತಿರುಗಬೇಕು, ಯಾವ ಓಣಿ, ಕಟ್ಟೆ ಹೇಗಿದೆ, ಎಲ್ಲವನ್ನೂ ಸರಿಯಾಗಿ ಹೇಳಿದ.

"ನೀವೂ ಬರ್ರಲಾ ಸಾಹೇಬ್ರ," ಎಂದ ಹಾಲಸಿದ್ದಪ್ಪ. ಆ ಮಾತಿನಲ್ಲಿ ಕುಹಕವಿರಲಿಲ್ಲ, ಕರೆಯಬೇಕೆಂದು ಕರೆದ.

"ಇಲ್ಲಿ ಯಾರರ ಇರಬೇಕಲ್ರಿ."

ಇಬ್ಬರೂ ಗೇಟು ದಾಟಿ ಹೋದರು. ಹಮಾಲರು ಕೆಲಸ ಬಿಟ್ಟು ಬಂದು ಅಂಗಳದಲ್ಲಿ ಕಾಯುತ್ತ ನಿಂತರು. ಯಾರೂ ಕಿಟಕಿಯ ಕಡೆ ತಿರುಗಲಿಲ್ಲ, ಯಾರೂ ಏನೂ ಕೂಗಲಿಲ್ಲ. ಫಕ್ಕೀರೇಶ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡ. ಮೈಮುನಾಬಿ ಆ ಗೇಟಿನಿಂದ ಒಳಗೆ ಬಂದರೆ, ಇಷ್ಟು ಜನರ ಕಣ್ಣೆದುರು ಎದ್ದು ಕುರ್ಚಿ ಬಿಟ್ಟುಕೊಡಬೇಕಾದವನು ತಾನು ಎಂದು ಅವನಿಗೆ ಆಗ ಹೊಳೆಯಿತು.